ಶಾಯಿ ಅತ್ತೆಯ ಹದಿನೆಂಟನೆಯ ಅಧ್ಯಾಯ

ಕಾದಂಬರಿ ಬರೆಯುವವರ ಬಗ್ಗೆ ಜನ ಏನೇನೋ ಅಂದುಕೊಂಡಿರುತ್ತಾರೆ. ಕಿಟಕಿಯ ಪಕ್ಕ ಕೂತು ಆಕಾಶ ನೋಡುತ್ತಾರೆ, ಸ್ಫೂರ್ತಿ ಬಂದಾಗ ಬರೆಯುತ್ತಾರೆ, ಬರದಿದ್ದಾಗ ಅದಕ್ಕಾಗಿ ಕಾಯುತ್ತಾರೆ ಅಂತ. ಶಾಯಿ ಅತ್ತೆಗೆ ಅಂಥ ಸುಖವೇನೂ ಇರಲಿಲ್ಲ. ಚಳಿಗಾಲ ಪೂರ್ತಿ ಗಾಳಿ ನುಗ್ಗದ ಹಾಗೆ ಅವರ ಮನೆಯ ಕಿಟಕಿ ಬಾಗಿಲು ಮುಚ್ಚಿ ಸಂದಿಗೆ ಹಳೇ ಪತ್ರಿಕೆಯ ಪಟ್ಟಿ ಅಂಟಿಸಿರುತ್ತಿದ್ದರು, ಆಕಾಶ ಕಾಣುವ ಮಾತೇ ಇಲ್ಲ. ವಾರಪತ್ರಿಕೆಗೆ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಅಧ್ಯಾಯ ಹೋಗಬೇಕು, ತಲೆ ಓಡಿದರೂ ಓಡದಿದ್ದರೂ. ಹನ್ನೊಂದು ವರ್ಷದಿಂದ ಹೀಗೇ ನಡೆದಿತ್ತು. ಒಂದು ಧಾರಾವಾಹಿ ಮುಗಿದರೆ ಮುಂದಿನ ವಾರವೇ ಇನ್ನೊಂದು ಶುರು. ಬಲಗೈಯ ನಡುಬೆರಳಿನ ಗಂಟಿನ ಮೇಲೆ ಹತ್ತಿದ ನೀಲಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಬೀದಿಯ ಮಕ್ಕಳು ಅವರಿಗೆ ಶಾಯಿ ಅತ್ತೆ ಅಂತ ಹೆಸರಿಟ್ಟಿದ್ದು ಆ ಬೆರಳು ನೋಡಿಯೇ. ಆಮೇಲೆ ದೊಡ್ಡವರೂ ಹಾಗೇ ಕರೆದರು, ಕೊನೆಗೆ ಅವರ ಯಜಮಾನರೂ ಸಿಟ್ಟು ಬಂದಾಗ ಹಾಗೇ ಕರೆಯತೊಡಗಿದರು.

ಅವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಅದು ಕೆಟ್ಟದ್ದು ಅಂತ ಈಗ ಹೇಳುತ್ತಿದ್ದೇನೆ, ಆಗ ಅದೇ ಅವರ ಬಂಡವಾಳ. ಮೊದಲ ಪ್ರತಿ ಬರೆಯುವಾಗ ಪಾತ್ರಗಳಿಗೆ ಅವರು ಹೊಸ ಹೆಸರು ಇಡುತ್ತಿರಲಿಲ್ಲ. ಬೀದಿಯ ಜನರನ್ನು ಬೀದಿ ಕರೆಯುವ ಹೆಸರಿನಲ್ಲೇ ತಂದು ಕೂರಿಸುತ್ತಿದ್ದರು. ಹಾಗೆ ಮಾಡಿದರೆ ಮಾತ್ರ ಅವರ ಕಿವಿಗೆ ದನಿ ಕೇಳುತ್ತಿತ್ತು. ಆಮೇಲೆ ಚೊಕ್ಕ ಪ್ರತಿ ಮಾಡುವಾಗ ಹೆಸರು ಬದಲಿಸಿ, ಕಸುಬು ಬದಲಿಸಿ, ಮೂಗು ಸ್ವಲ್ಪ ಉದ್ದ ಮಾಡಿ, ಇದ್ದ ಮೀಸೆ ತೆಗೆದು ಪ್ರೆಸ್ಸಿಗೆ ಕಳಿಸುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಔಷಧಿ ಅಂಗಡಿಯವನು ತಡೆದು ನಿಲ್ಲಿಸಿ, "ಆ ಮೋಸಗಾರ ನಾನೇ ಅಲ್ವಾ ಅತ್ತೆ, ನಿಜ ಹೇಳಿ" ಅಂತ ಕೇಳಿದ್ದ. ಅಲ್ಲ ಅಂದಾಗ ಪಾಪ ಅವನ ಮುಖ ಇಷ್ಟಗಲ ಆಯಿತು.

ಅತ್ತೆಯ ಮನೆ ಮೂರನೇ ಮಹಡಿಯಲ್ಲಿ. ಅದೇ ಕಟ್ಟಡದ ಕೆಳಗೆ, ಬೀದಿಯ ಮೂಲೆಗೆ, ಒಂದು ಹೊಲಿಗೆ ಅಂಗಡಿ. ಎಂಟು ಹೆಂಗಸರು ಅಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಬಟ್ಟೆ ಕತ್ತರಿಸುವವಳೇ ಅಲ್ಲಿನ ಮುಖ್ಯಸ್ಥೆ. ಮಾತು ಕಮ್ಮಿ, ಕತ್ತರಿ ಜಾಸ್ತಿ. ಅವಳನ್ನು ಎಲ್ಲರೂ ದೊಡ್ಡ ಕತ್ತರಿ ಅನ್ನುತ್ತಿದ್ದರು, ಬೆನ್ನ ಹಿಂದೆ. ಆ ಅಂಗಡಿಯಲ್ಲಿ ಗುರುವಾರ ಹನ್ನೊಂದು ಗಂಟೆಗೆ ಎಲ್ಲ ಮೆಷಿನ್ನುಗಳೂ ನಿಲ್ಲುತ್ತಿದ್ದವು. ಆ ಹೊತ್ತಿಗೆ ವಾರಪತ್ರಿಕೆ ಬರುತ್ತಿತ್ತು, ಅವರಲ್ಲೊಬ್ಬಳು, ಗಂಟೆಯಂಥ ದನಿಯ ಗಂಟೆಯಕ್ಕ, ಅತ್ತೆಯ ಧಾರಾವಾಹಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದಳು.

ಗಂಟೆಯಕ್ಕನ ಕೆಲಸ ಕಾಜ ಹಾಕುವುದು. ಅಂಗಿಯ ಗುಂಡಿ ತೂರುವ ತೂತಿಗೆ ಸುತ್ತ ದಾರ ಬಿಗಿಯುವುದು, ಕೈಯಲ್ಲೇ ಮಾಡಬೇಕಾದ ಕೆಲಸ. ಗಂಟಲು ಮಾತ್ರ ದೇವರು ಬೇರೆ ಏನೋ ಕೆಲಸಕ್ಕೆ ಅಂತ ಕೊಟ್ಟದ್ದು. ಅವಳು ಓದಿದರೆ ಜಗಳ ಜಗಳದ ಹಾಗೆ ಕೇಳುತ್ತಿತ್ತು, ಅಳು ಅಳುವಿನ ಹಾಗೆ. ಅವಳು ಓದುವ ಒಂದು ಗಂಟೆ ಅವಳ ಪಾಲಿನ ಕಾಜಗಳನ್ನು ಉಳಿದ ಏಳು ಜನ ಹಂಚಿಕೊಂಡು ಹಾಕಿಕೊಡುತ್ತಿದ್ದರು. ಇದು ಆ ಅಂಗಡಿಯ ಕಾನೂನು. ಆರು ವರ್ಷದಲ್ಲಿ ಯಾರೂ ಮುಖ ಸಿಂಡರಿಸಿರಲಿಲ್ಲ.

ಗಂಟೆಯಕ್ಕನಿಗೆ ಓದಲು ಬರುತ್ತಿರಲಿಲ್ಲ. ಒಂದಕ್ಷರವೂ.

ಇದು ಶಾಯಿ ಅತ್ತೆಯೊಬ್ಬರಿಗೇ ಗೊತ್ತಿದ್ದ ಸಂಗತಿ. ಮೊದಲು ಓದುತ್ತಿದ್ದ ಮುದುಕಿ ಕೆಲಸ ಬಿಟ್ಟಾಗ, ನಿನ್ನ ಗಂಟಲು ಚೆನ್ನಾಗಿದೆ ಅಂತ ಯಾರೋ ಪತ್ರಿಕೆಯನ್ನು ಇವಳ ಕೈಗೆ ತುರುಕಿದರು. ಹೊಸದಾಗಿ ಸೇರಿದವಳು, ಎಲ್ಲರೆದುರು ಬರಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಕನ್ನಡಕ ಮರೆತು ಬಂದಿದ್ದೇನೆ, ನಾಳೆ ಓದ್ತೀನಿ ಅಂದವಳು, ಅವತ್ತು ಸಂಜೆ ಮೂರು ಮಹಡಿ ಹತ್ತಿ ಬಂದು ಅತ್ತೆಯ ಬಾಗಿಲು ತಟ್ಟಿದಳು. "ನೀವೇ ಬರೆದದ್ದಲ್ವಾ ಅತ್ತೆ, ಒಂದೇ ಒಂದ್ಸಲ ಓದಿ ಹೇಳಿ. ನಂಗೆ ಒಂದ್ಸಲ ಕೇಳಿದ್ರೆ ಸಾಕು." ಅತ್ತೆ ಓದಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಮರುದಿನ ಒಂದು ಪದವೂ ಬಿಡದೆ ಒಪ್ಪಿಸಿದಳು.

ಅಂದಿನಿಂದ ಬುಧವಾರ ಮಧ್ಯಾಹ್ನ ಮೂರು ಗಂಟೆ ಅವರಿಬ್ಬರದ್ದು. ಮನೆಯಲ್ಲಿ ಉಳಿದ ಕಚ್ಚಾ ಪ್ರತಿ ಹಿಡಿದು, ಬದಲಿಸಿದ ಹೆಸರು ಹಾಕಿಕೊಂಡು, ಅತ್ತೆ ಆ ವಾರದ ಅಧ್ಯಾಯ ಓದಿ ಹೇಳುತ್ತಿದ್ದರು. ಕಲಿಸಿಕೊಡ್ತೀನಿ ಕಣೇ, ಎರಡು ತಿಂಗಳ ಕೆಲಸ ಅಂತ ಅತ್ತೆ ಹೇಳಿದ್ದುಂಟು, ಅವಳು ಬೇಡ ಅಂದದ್ದೂ ಉಂಟು. ಅತ್ತೆ ಒತ್ತಾಯ ಮಾಡಲಿಲ್ಲ. ಯಾಕೆ ಅಂದರೆ ಆ ಬುಧವಾರ ಅವರಿಗೂ ಬೇಕಿತ್ತು. ಅವಳು ಎಲ್ಲಿ ಹುಬ್ಬು ಗಂಟಿಕ್ಕುತ್ತಾಳೋ ಅಲ್ಲಿ ವಾಕ್ಯ ಕುಂಟುತ್ತಿದೆ ಅಂತ ಅರ್ಥ. ಅಷ್ಟು ಒಳ್ಳೆಯ ಕಿವಿ ಬೇರೆ ಎಲ್ಲಿ ಸಿಗುತ್ತದೆ? ನಾನು ಇದನ್ನು ಸ್ವಾರ್ಥ ಅನ್ನುತ್ತೇನೆ. ಅತ್ತೆಯೂ ಆಮೇಲೆ ಅದನ್ನೇ ಅಂದರು.

ಈ ಸಲದ ಚಳಿಗಾಲ ಅತ್ತೆಗೆ ಒಳ್ಳೆಯದಾಗಲಿಲ್ಲ. ಜ್ವರ ಬಂದು ಎರಡು ವಾರ ಅಧ್ಯಾಯ ತಪ್ಪಿತು. ಆಮೇಲೆ ಕತೆ ಕೆಸರಲ್ಲಿ ಸಿಕ್ಕ ಚಕ್ರದ ಹಾಗೆ ಇದ್ದಲ್ಲೇ ತಿರುಗಿತು. ಸಂಪಾದಕರು ಫೋನು ಮಾಡಿ ನಯವಾಗಿಯೇ ಕತ್ತು ಕುಯ್ದರು. "ಇನ್ನೊಂದು ವಾರ ತಪ್ಪಿದ್ರೆ ಧಾರಾವಾಹಿ ಅಲ್ಲಿಗೇ ನಿಲ್ಸೋಣ ಅಮ್ಮ. ಓದುಗರೂ ಆಕಳಿಸ್ತಿದ್ದಾರೆ. ಹೊಸಬರು ಬಾಗಿಲಲ್ಲಿ ನಿಂತಿದ್ದಾರೆ, ನೋಡಿ." ಐವತ್ತಾರು ವರ್ಷದ ಹೆಂಗಸು, ಬರೆಯುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಫೋನು ಇಟ್ಟ ಮೇಲೆ ಅವರು ಬಹಳ ಹೊತ್ತು ತಮ್ಮ ನೀಲಿ ಬೆರಳನ್ನೇ ನೋಡುತ್ತ ಕೂತರು.

ಆ ಶನಿವಾರ ಅವರು ಓದಲು ಬಾರದ ಒಬ್ಬ ಓದುಗಿತ್ತಿಯ ಬಗ್ಗೆ ಬರೆದರು. ಬರೆಯಬಾರದು ಅಂತ ಗೊತ್ತಿತ್ತು. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡವರು ಕೈಗೆ ಹಾಕಲಾರದೆ ಹೋದರು. ಗಂಟೆಯಕ್ಕ, ಕಾಜ, ಅಂಗಡಿ, ದೊಡ್ಡ ಕತ್ತರಿ, ಗುರುವಾರ ಹನ್ನೊಂದು ಗಂಟೆ, ಎಲ್ಲ ಇದ್ದ ಹಾಗೇ ಬಂತು. ಬೆಳಿಗ್ಗೆ ಕೂತವರು ಮಧ್ಯಾಹ್ನದ ಹೊತ್ತಿಗೆ ಎದ್ದರು. ಹದಿನಾಲ್ಕು ಹಾಳೆ, ಎಲ್ಲೂ ಒಂದು ಹೊಡೆದುಹಾಕಿದ ಪದವಿಲ್ಲ. ಇಷ್ಟು ವರ್ಷದಲ್ಲಿ ಅವರು ಬರೆದ ಅತ್ಯಂತ ಒಳ್ಳೆಯ ಅಧ್ಯಾಯ ಅದು, ಅದೂ ಅವರಿಗೆ ಗೊತ್ತಿತ್ತು.

ಭಾನುವಾರ ಚೊಕ್ಕ ಪ್ರತಿ ಮಾಡಿದರು. ಗಂಟೆಯಕ್ಕನನ್ನು ಆಸ್ಪತ್ರೆಯ ಅಡುಗೆಮನೆಗೆ ಕಳಿಸಿದರು, ಹೆಸರು ಕಿತ್ತರು, ಹೊಲಿಗೆ ಹೋಗಿ ತರಕಾರಿ ಹೆಚ್ಚುವುದು ಬಂತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಅಂಗಿಯ ಹಾಗೆ ಅದು ಎಲ್ಲೆಲ್ಲೂ ಸುಕ್ಕಾಯಿತು. ಚೊಕ್ಕ ಪ್ರತಿಯ ತುಂಬ ಗೀಟು, ಕಾಟು. ಬುಧವಾರ ಇದನ್ನೇ ಅವಳಿಗೆ ಓದಿ ಹೇಳಬೇಕಲ್ಲ ಅನ್ನುವ ಯೋಚನೆ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರು. ಅವಳಿಗೆ ಗೊತ್ತಾದರೂ ಗೊತ್ತಾಗದ ಹಾಗೆ ಇದ್ದುಬಿಡುತ್ತಾಳೆ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸೋಮವಾರ ವಸಂತ ಬಂತು. ಬೆಳಗಾಗುವಷ್ಟರಲ್ಲಿ ಗಾಳಿಯ ಹಲ್ಲು ಉದುರಿಹೋಗಿತ್ತು. ಎದುರು ಸಾಲಿನ ಮರದಲ್ಲಿ ನಿನ್ನೆ ಕಾಣದ ಚಿಗುರು ಕೆಂಪಗೆ ಇಣುಕಿತು. ಬೀದಿಯ ಉದ್ದಕ್ಕೂ ಕಂಬಳಿಗಳು ಬಿಸಿಲಿಗೆ ಬಂದವು, ಎಲ್ಲರ ಮನೆಯಲ್ಲೂ ಕಿಟಕಿಯ ಪಟ್ಟಿ ಕೀಳುವ ಸದ್ದು. ಅತ್ತೆಯ ಯಜಮಾನರು ನೀರು ಸರಬರಾಜು ಕಚೇರಿಯ ನೌಕರರು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಧ್ಯಾಯವನ್ನು ಪ್ರೆಸ್ಸಿಗೆ ಮುಟ್ಟಿಸುವುದು ಅವರ ಪಾಲಿನ ಸಾಹಿತ್ಯ ಸೇವೆ. ಅವತ್ತು ಉತ್ಸಾಹ ಬಂದು ಕಿಟಕಿಯನ್ನು ಅವರೇ ತೆರೆದರು. ಗಾಳಿ ನುಗ್ಗಿತು. ಮೇಜಿನ ಮೇಲಿದ್ದ ಎರಡೂ ಕಟ್ಟುಗಳು ಕೋಣೆಯ ತುಂಬ ಹಾರಾಡಿದವು. ಅತ್ತೆ ಸ್ನಾನಕ್ಕೆ ಹೋಗಿದ್ದರು.

ಯಜಮಾನರು ಪಾಪ ಹಾಳೆಗಳನ್ನೆಲ್ಲ ಆಯ್ದು, ಪುಟದ ಅಂಕಿ ನೋಡಿ, ಎರಡು ಕಟ್ಟು ಮಾಡಿದರು. ಹೆಂಡತಿಯ ಕಾದಂಬರಿಯ ಒಂದು ಸಾಲೂ ಓದಿದವರಲ್ಲ ಅವರು, ಓದಿದರೆ ಮನೆಯಲ್ಲಿ ಅಭಿಪ್ರಾಯ ಹೇಳಬೇಕಾಗುತ್ತದೆ ಅಂತ. ಆದರೆ ಹನ್ನೊಂದು ವರ್ಷದ ಅನುಭವದಿಂದ ಒಂದು ಗುರುತು ಅವರಿಗೆ ಗೊತ್ತಿತ್ತು. ಗೀಟು ಇರುವುದು ಕಚ್ಚಾ, ಗೀಟು ಇಲ್ಲದ್ದು ಚೊಕ್ಕ. ಗೀಟು ಇದ್ದ ಕಟ್ಟನ್ನು ಸೆಳೆಖಾನೆಗೆ ಸೇರಿಸಿ, ಗೀಟು ಇಲ್ಲದ ಹದಿನಾಲ್ಕು ಹಾಳೆಗಳನ್ನು ಲಕೋಟೆಗೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ಹೊರಟುಹೋದರು.

ಬುಧವಾರ ಮಧ್ಯಾಹ್ನ ಎರಡೂವರೆಗೆ ಅತ್ತೆ ಗಂಟೆಯಕ್ಕನಿಗಾಗಿ ಮೇಜಿನ ಸೆಳೆಖಾನೆ ಎಳೆದರು. ಕಚ್ಚಾ ಪ್ರತಿ ಇರಬೇಕಾದ ಕಡೆ, ಪ್ರೆಸ್ಸಿಗೆ ಹೋಗಬೇಕಿದ್ದ ಆಸ್ಪತ್ರೆಯ ಅಡುಗೆಯವಳು ಗೀಟುಗಳ ನಡುವೆ ತಣ್ಣಗೆ ಕೂತಿದ್ದಳು.

ಇನ್ನೊಂದು ಕಟ್ಟಿಗಾಗಿ ಮಂಚದ ಕೆಳಗೆ ಹುಡುಕಿದರು, ಹುಚ್ಚಿಯ ಹಾಗೆ ಅಕ್ಕಿಯ ಡಬ್ಬದ ಹಿಂದೆಯೂ ಹುಡುಕಿದರು. ಇಲ್ಲ. ಪ್ರೆಸ್ಸಿಗೆ ಫೋನು ಮಾಡಿದರು. ಎತ್ತಿದವನು ಅಚ್ಚುಮನೆಯ ಮೇಸ್ತ್ರಿ.

"ಹದಿನೆಂಟನೇ ಅಧ್ಯಾಯನಾ? ಪುಟ ಕಟ್ಟಿ ಆಯ್ತಲ್ಲಮ್ಮ. ಬಹಳ ಚೆನ್ನಾಗಿದೆ. ನಮ್ಮ ಹುಡುಗ್ರು ಜೋಡಿಸೋವಾಗ್ಲೇ ನಿಂತು ಓದಿದ್ರು."

"ಅದು ಅಚ್ಚಾಗಬಾರ್ದು."

"ಏನಂದ್ರಿ?"

"ಅದು ತಪ್ಪು ಪ್ರತಿ. ನಿಲ್ಸಿ."

"ಸಂಪಾದಕರು ಊರಲ್ಲಿಲ್ಲ. ಫೋನಲ್ಲಿ ಯಾರೋ ಹೇಳಿದ್ರು ಅಂತ ಪುಟ ಕಿತ್ರೆ ನನ್ನ ಕೆಲ್ಸ ಹೋಗತ್ತೆ. ನೀವೇ ಬಂದು ಬರೆದು ಸಹಿ ಹಾಕ್ಕೊಡಿ. ನಾಲ್ಕೂವರೆಗೆ ಮೆಷಿನ್ ಶುರು. ಆಮೇಲೆ ಬಂದ್ರೆ ನನ್ನ ಕೇಳ್ಬೇಡಿ."

ಚಪ್ಪಲಿ ಮೆಟ್ಟಿ, ಚೊಕ್ಕ ಪ್ರತಿಯನ್ನು ಚೀಲಕ್ಕೆ ತುರುಕಿ, ಅತ್ತೆ ಮೆಟ್ಟಿಲು ಇಳಿದರು. ಎರಡನೇ ಮಹಡಿಯ ತಿರುವಿನಲ್ಲಿ ಎದುರಾದವಳು ಗಂಟೆಯಕ್ಕ. ಮೂರು ಗಂಟೆಗೆ ಹತ್ತು ನಿಮಿಷ ಮುಂಚೆಯೇ ಬಂದಿದ್ದಳು, ಮುಡಿಗೆ ಯಾವುದೋ ಹೊಸ ಹೂ ಸಿಕ್ಕಿಸಿಕೊಂಡು.

"ಎಲ್ಲಿಗೆ ಅತ್ತೆ ಹೀಗೆ ಬಿದ್ದಂಬೀಳ?"

"ಪ್ರೆಸ್ಸಿಗೆ. ಇವತ್ತು ಆಗಲ್ಲ ಕಣೇ."

"ಆಗಲ್ಲ ಅಂದ್ರೆ? ನಾಳೆ ನಾನೇನು ಓದ್ಲಿ? ಗೋಡೆ ಓದ್ಲಾ?" ಅವಳ ನಗು ಅರ್ಧಕ್ಕೆ ನಿಂತಿತು. "ನಾಳೆ ನಂಗೆ ಸುಮ್ನಿರೋಕಾಗಲ್ಲ ಅತ್ತೆ. ಸಮವಸ್ತ್ರದ ಆರ್ಡರ್ ರಾಶಿ ಬಿದ್ದಿದೆ, ಎಲ್ರೂ ಸುಸ್ತಾಗಿದ್ದಾರೆ. ಆ ಒಂದು ಗಂಟೆಗೇ ಕಾಯ್ತಿದ್ದಾರೆ. ನಾನೂ ಬರ್ತೀನಿ, ದಾರೀಲಿ ಓದಿ ಹೇಳಿ."

ಬೇಡ ಅನ್ನಲು ಅತ್ತೆಗೆ ಒಂದು ಕಾರಣವೂ ಹೊಳೆಯಲಿಲ್ಲ. ಹನ್ನೊಂದು ವರ್ಷ ಪಾತ್ರಗಳ ಬಾಯಲ್ಲಿ ಸುಳ್ಳು ಹೇಳಿಸಿದವರು ತಾವು ಒಂದು ಸುಳ್ಳು ಹೇಳಲಾರದೆ ಬಾಯಿ ಬಾಯಿ ಬಿಟ್ಟರು. ಅಷ್ಟರಲ್ಲಿ ಗಂಟೆಯಕ್ಕ ಅವರ ಚೀಲ ಹಿಡಿದುಕೊಂಡು ಮುಂದೆ ಮುಂದೆ ಇಳಿಯುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಗಳೆಲ್ಲ ತೆರೆದಿದ್ದವು. ಮೂರು ತಿಂಗಳು ಕೋಟಿನೊಳಗೆ ಮುದುಡಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮಸುಮ್ಮನೆ ಮಾತಾಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಇವರಿಬ್ಬರು. "ಹೂಂ, ಶುರು ಮಾಡಿ" ಅಂದು ಗಂಟೆಯಕ್ಕ ಕಣ್ಣು ಮುಚ್ಚಿದಳು.

ಅತ್ತೆ ಆಸ್ಪತ್ರೆಯ ಅಡುಗೆಯವಳನ್ನು ಓದಿದರು. ದನಿ ತಗ್ಗಿಸಿ, ತಲೆ ಎತ್ತದೆ. ಅಡುಗೆಯವಳು ಪತ್ರಿಕೆ ಹಿಡಿಯುತ್ತಾಳೆ. ಧಾರಾವಾಹಿಯ ಶೀರ್ಷಿಕೆಯ ಮೇಲೆ ಶಾಯಿ ಕುಡಿಕೆಯ ಸಣ್ಣ ಚಿತ್ರವಿದೆ, ಅದರಿಂದಲೇ ಅವಳಿಗೆ ಪುಟ ಯಾವುದು, ಮೇಲು ಯಾವುದು ಅನ್ನುವ ಗುರುತು. ಕೇಳುವವರು ಅಳುತ್ತಾರೆ, ಅವಳೂ ಅಳುತ್ತಾಳೆ, ಆದರೆ ಅವಳ ಅಳು ಹೆದರಿಕೆಯದ್ದು. ಒಂದು ಕಡೆ ಬಸ್ಸು ಗುಂಡಿಗೆ ಇಳಿಯಿತು, ಹಾಳೆ ಜಾರಿತು. ಅತ್ತೆ ಓರೆಗಣ್ಣಿನಿಂದ ನೋಡಿದರು. ಗಂಟೆಯಕ್ಕನ ಮುಚ್ಚಿದ ರೆಪ್ಪೆ ಅಲುಗಲಿಲ್ಲ. ಹುಬ್ಬು ಗಂಟಿಕ್ಕಲೂ ಇಲ್ಲ. ಅದೇ ಅವರಿಗೆ ಹೆಚ್ಚು ಭಯ ಹುಟ್ಟಿಸಿತು.

ಓದು ಮುಗಿದ ಮೇಲೆ ಅವಳು ಕಣ್ಣು ಬಿಟ್ಟು ಹಾಳೆಗಳ ಕಡೆ ನೋಡಿದಳು. ಆಮೇಲೆ ಅಂದಳು, "ಪುಟ ತಿರುಗಿಸೋದು ತಪ್ಪು ಬರ್ದಿದ್ದೀರಿ."

"ಯಾಕೆ?"

"ಇಂಥ ಪದ ಬಂದ ತಕ್ಷಣ ತಿರುಗಿಸ್ತಾಳೆ ಅಂತ ಬರ್ದಿದ್ದೀರಿ. ಹಾಗಲ್ಲ. ಕೇಳೋರು ಉಸಿರು ಬಿಗಿ ಹಿಡಿಯೋವರೆಗೂ ಕಾಯ್ತಾಳೆ. ಆಗ ತಿರುಗಿಸ್ತಾಳೆ. ಆ ಹೊತ್ತಲ್ಲಿ ಯಾರೂ ಅವಳ ಕೈ ನೋಡಲ್ಲ." ಅವಳು ಕಿಟಕಿಯ ಕಡೆ ತಿರುಗಿದಳು. "ನನ್ನನ್ನ ಅಡುಗೆಯವಳಾಗಿ ಮಾಡಿದ್ದು ಒಳ್ಳೇದಾಯ್ತು. ಅಷ್ಟಾದ್ರೂ ಮಾಡಿದ್ರಲ್ಲ."

ಆಗಲಾದರೂ ನಿಜ ಹೇಳಿಬಿಡಬೇಕಿತ್ತು. ಅತ್ತೆ ಹೇಳಲಿಲ್ಲ. ಇನ್ನು ಹತ್ತು ನಿಮಿಷ, ಪುಟ ಕಿತ್ತರೆ ಹೇಳುವ ಅಗತ್ಯವೇ ಬರುವುದಿಲ್ಲ ಅಂದುಕೊಂಡರು. ಇದಕ್ಕೆ ಹೇಡಿತನ ಅನ್ನುತ್ತಾರೆ. ನೀವು, ನಾನು ಆ ಸೀಟಿನಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆವೋ ಏನೋ.

ಪ್ರೆಸ್ಸು ತಲುಪಿದಾಗ ನಾಲ್ಕು ಗಂಟೆ. ಅಚ್ಚುಮನೆಯ ದೊಡ್ಡ ಬಾಗಿಲುಗಳನ್ನೂ ಬಿಸಿಲಿಗೆ ತೆರೆದಿಟ್ಟಿದ್ದರು. "ನೀನು ಇಲ್ಲೇ ಕೂತಿರು, ಈಗ ಬಂದೆ" ಅಂತ ಗಂಟೆಯಕ್ಕನನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ ಅತ್ತೆ ಒಳಗೆ ಹೋದರು. ಮೇಸ್ತ್ರಿ ಕರಡು ಅಚ್ಚಿನ ಹಾಳೆ ಹಿಡಿದುಕೊಂಡೇ ಎದುರು ಬಂದ. ಮೆಷಿನ್ನುಗಳ ನಡುವೆ ಬದುಕಿದವನು, ಮೆಲ್ಲಗೆ ಮಾತಾಡುವುದು ಅವನಿಗೆ ಗೊತ್ತೇ ಇಲ್ಲ.

"ಇದನ್ನ ತೆಗೀಬೇಕಾ ಅಮ್ಮ? ಇಷ್ಟು ಚೆನ್ನಾಗಿರೋದನ್ನ? ಕೇಳಿ ಇಲ್ಲಿ." ಅವನು ಕೂಗಿ ಓದಿದ. "ಗಂಟೆಯಕ್ಕನ ಕೈಯಲ್ಲಿ ಪತ್ರಿಕೆ ಇತ್ತು, ಕಾಜದ ಸೂಜಿ ಇರಲಿಲ್ಲ. ಏಳು ಜನ ಅವಳ ಕಾಜ ಹಾಕುತ್ತಿದ್ದರು, ಅವಳಿಗೆ ಬಾರದ ಒಂದು ವಿದ್ಯೆಗಾಗಿ."

ಅತ್ತೆ ತಿರುಗಿ ನೋಡಿದರು. ಗಂಟೆಯಕ್ಕ ಬೆಂಚಿನಿಂದ ಎದ್ದು ನಿಂತಿದ್ದಳು. ಮುಡಿಯ ಹೂವನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಮತ್ತೆ ಕೂತಳು.

"ಬೇರೆ ಪ್ರತಿ ತಂದಿದ್ದೀನಿ" ಅಂದರು ಅತ್ತೆ, ಚೀಲಕ್ಕೆ ಕೈ ಹಾಕಿ.

ಮೇಸ್ತ್ರಿ ಗೋಡೆಯ ಗಡಿಯಾರ ನೋಡಿದ. "ಹದಿನಾಲ್ಕು ಹಾಳೆ ಹೊಸದಾಗಿ ಜೋಡಿಸೋಕೆ ಎರಡು ಗಂಟೆ ಬೇಕು. ಆಗದ ಮಾತು. ಹೆಸ್ರು ಬೇಕಾದ್ರೆ ಬದಲಾಯಿಸ್ತೀನಿ, ಹತ್ತು ನಿಮಿಷದ ಕೆಲ್ಸ. ಗಂಟೆಯಕ್ಕ ಅನ್ನೋ ಕಡೆ ಬೇರೆ ಯಾವ ಅಕ್ಕನಾದ್ರೂ ಹಾಕೋಣ. ಇಲ್ಲ ಅಂದ್ರೆ ಪುಟ ಪೂರ್ತಿ ತೆಗ್ದು ಬೀಜದ ಅಂಗಡಿ ಜಾಹೀರಾತು ಹಾಕ್ತೀನಿ, ಸಿದ್ಧ ಇದೆ. ಆದ್ರೆ ಅಧ್ಯಾಯ ತಪ್ಪಿದ್ರೆ ಏನಾಗತ್ತೆ ಅಂತ ನಿಮ್ಗೇ ಗೊತ್ತು. ಸಂಪಾದಕರು ನಂಗೂ ಹೇಳಿದ್ದಾರೆ."

ಹೆಸರು ಮಾತ್ರ. ಅತ್ತೆಯ ಮನಸ್ಸು ಆ ಮಾತಿಗೆ ಜೋತುಬಿತ್ತು, ಸುಳ್ಳು ಯಾಕೆ ಹೇಳಲಿ. ಹೆಸರು ಬದಲಿಸಿದರೆ ಅಧ್ಯಾಯ ಉಳಿಯುತ್ತದೆ, ಧಾರಾವಾಹಿ ಉಳಿಯುತ್ತದೆ, ಹನ್ನೊಂದು ವರ್ಷ ಉಳಿಯುತ್ತದೆ. ಕಾಜ ಹಾಕುವವಳು ಲೋಕದಲ್ಲಿ ಒಬ್ಬಳೇನಾ? ಆದರೆ ಕಾಜ ಹಾಕುತ್ತ ಗುರುವಾರ ಹನ್ನೊಂದಕ್ಕೆ ಪತ್ರಿಕೆ ಓದುವವಳು ಒಬ್ಬಳೇ. ನಾಳೆ ಹನ್ನೆರಡು ಗಂಟೆಗೆ, ಓದು ಮುಗಿದ ಮೇಲೆ, ಪತ್ರಿಕೆ ಕೈಯಿಂದ ಕೈಗೆ ಹೋಗುತ್ತದೆ. ಓದಬಲ್ಲವರು ಅಲ್ಲಿ ಮೂರು ಜನ ಇದ್ದಾರೆ.

ಅವರು ಮತ್ತೊಮ್ಮೆ ಬೆಂಚಿನ ಕಡೆ ನೋಡಿದರು. ಗಂಟೆಯಕ್ಕ ಅವರನ್ನೇ ನೋಡುತ್ತಿದ್ದಳು. ಏನು ಮಾಡುತ್ತೀರೋ ನೋಡುತ್ತೇನೆ ಅನ್ನುವ ಹಾಗೆ ಸುಮ್ಮನೆ ನೋಡಿದಳು.

"ಬೀಜ ಹಾಕಿ" ಅಂದರು ಅತ್ತೆ.

"ಯೋಚ್ನೆ ಮಾಡಿ ಅಮ್ಮ."

"ಪೆನ್ನು ಕೊಡಿ."

ಸಹಿ ಹಾಕಿ ಹೊರಗೆ ಬಂದಾಗ ನಾಲ್ಕೂಕಾಲು. ವಾಪಸು ಬಸ್ಸಿನಲ್ಲಿ ಗಂಟೆಯಕ್ಕ ಬೇರೆ ಸೀಟಿನಲ್ಲಿ ಕೂತಳು. ಅತ್ತೆ ಒಮ್ಮೆ ಎದ್ದು ಹೋಗಿ, "ತಪ್ಪಾಯ್ತು ಕಣೇ" ಅಂದರು. ಅವಳು ಕೇಳಿಸಿಕೊಂಡಳು. ಒಂದು ಸಲ ಕೇಳಿದರೆ ಮರೆಯದವಳು, ಕೇಳಿಸಲಿಲ್ಲ ಅನ್ನುವ ಹಾಗಿರಲಿಲ್ಲ. ಒಂದು ನಿಲ್ದಾಣ ಮೊದಲೇ ಇಳಿದು ನಡೆದುಹೋದಳು.

ಗುರುವಾರ ಬೆಳಿಗ್ಗೆ ಸಂಪಾದಕರ ಫೋನು ಬಂತು. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಅತ್ತೆ ಹೂಂ, ಹೂಂ ಅಂದದ್ದು ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ ಅಂತ ಯಜಮಾನರು ಆಮೇಲೆ ಹೇಳಿದರು. ಗೀಟಿನ ವಿಷಯ ತಿಳಿದು ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು, ಕೆಲಸಕ್ಕೂ ಹೋಗಿರಲಿಲ್ಲ. "ನೀವೇನು ಮಾಡ್ತೀರಿ, ನಾನು ಚೆನ್ನಾಗಿ ಬರ್ದದ್ದೇ ತಪ್ಪು" ಅಂದು ಅತ್ತೆ ಅವರಿಗೆ ಕಾಫಿ ಮಾಡಿಕೊಟ್ಟರು. ಆಮೇಲೆ ಹನ್ನೊಂದಕ್ಕೆ ಐದು ನಿಮಿಷವಿದೆ ಅನ್ನುವಾಗ ಕೆಳಗೆ ಇಳಿದು ಹೊಲಿಗೆ ಅಂಗಡಿಗೆ ಹೋದರು. ಗುರುವಾರ ಅವರು ಅಲ್ಲಿಗೆ ಯಾವತ್ತೂ ಹೋದವರಲ್ಲ. ತಮ್ಮ ಕತೆಯನ್ನು ಜನ ಕೇಳುವುದನ್ನು ನೋಡಲು ಅವರಿಗೆ ನಾಚಿಕೆ.

ಅಂಗಡಿಯಲ್ಲಿ ಎಲ್ಲೆಲ್ಲೂ ನೀಲಿ ಬಟ್ಟೆ. ತೆರೆದ ಬಾಗಿಲಿಂದ ಬಿಸಿಲು ಬಂದು ದಾರದ ಧೂಳು ತೇಲುತ್ತಿತ್ತು. ಗಂಟೆಯಕ್ಕ ತನ್ನ ಜಾಗದಲ್ಲೇ ಇದ್ದಳು, ತಲೆ ಎತ್ತಲಿಲ್ಲ. "ಇದೇನು ಅತ್ತೆ ಇಲ್ಲಿಗೆ, ನೆಲ ಮುಟ್ಟಿದ್ರಿ?" ಅಂತ ಯಾರೋ ತಮಾಷೆ ಮಾಡಿ ಸ್ಟೂಲು ಎಳೆದು ಕೊಟ್ಟರು. ಪತ್ರಿಕೆ ಬಂತು. ಮೆಷಿನ್ನುಗಳು ಒಂದೊಂದಾಗಿ ನಿಂತವು. ದೊಡ್ಡ ಕತ್ತರಿ ಗಂಟೆಯಕ್ಕನ ಕಾಜದ ರಾಶಿಯನ್ನು ಏಳು ಪಾಲು ಮಾಡಿ ಎಸೆದಳು, ಪತ್ರಿಕೆಯನ್ನು ಅವಳ ಕೈಗಿಟ್ಟಳು.

ಅವಳು ಒಂದೊಂದೇ ಪುಟ ಮಗುಚಿದಳು. ಶಾಯಿ ಕುಡಿಕೆಯ ಚಿತ್ರ ಎಲ್ಲೂ ಇಲ್ಲ. ಏಳನೇ ಪುಟದಲ್ಲಿ ದೊಡ್ಡದೊಂದು ಕುಂಬಳಕಾಯಿ, ಸುತ್ತ ಹುರುಳಿಕಾಯಿ, ಮೂಲಂಗಿ. ಇವತ್ತು ಕತೆ ಇಲ್ಲ ಅಂದುಬಿಟ್ಟರೆ ಮುಗಿಯಿತು. ಎಲ್ಲರೂ ಸಂಪಾದಕರಿಗೆ ಬೈದು ಕೆಲಸಕ್ಕೆ ಕೂರುತ್ತಾರೆ. ಅತ್ತೆ ಅದನ್ನೇ ಕಾಯುತ್ತಿದ್ದರು.

ಗಂಟೆಯಕ್ಕ ಕುಂಬಳಕಾಯಿಯ ಪುಟವನ್ನು ಮುಖದ ಎದುರು ಹಿಡಿದು ಗಂಟಲು ಸರಿಮಾಡಿಕೊಂಡಳು.

"ಹದಿನೆಂಟನೆಯ ಅಧ್ಯಾಯ" ಅಂದಳು.

ಅತ್ತೆ ಸ್ಟೂಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ಬಸ್ಸಿನಲ್ಲಿ ಕೇಳಿದ್ದು ಪದಕ್ಕೆ ಪದ ಬಂತು. ಆದರೆ ಆಸ್ಪತ್ರೆ ಇರಲಿಲ್ಲ. ಅಡುಗೆಯವಳು ಇರಲಿಲ್ಲ. ಅವಳು ಎಲ್ಲವನ್ನೂ ಇದ್ದ ಕಡೆಗೇ ವಾಪಸು ತಂದಿದ್ದಳು. ಒಂದು ಹೊಲಿಗೆ ಅಂಗಡಿ, ಕಾಜ ಹಾಕುವ ಒಬ್ಬಳು, ಕನ್ನಡಕ ಮರೆತೆ ಅಂದ ಒಂದು ಸುಳ್ಳು. ಹೆಸರು ಹೇಳಬೇಕಾದ ಕಡೆ ಒಂದು ಕ್ಷಣ ನಿಂತಳು, ಆಮೇಲೆ ತನ್ನ ಹೆಸರನ್ನೇ ಹೇಳಿದಳು. ಕಾಜ ಹಾಕುತ್ತಿದ್ದ ಏಳು ಸೂಜಿಗಳು ಒಂದೊಂದಾಗಿ ನಿಂತವು. ಎಲ್ಲರೂ ಉಸಿರು ಬಿಗಿ ಹಿಡಿದಿದ್ದರು. ಪುಟ ತಿರುಗಿಸುವ ಹೊತ್ತು ಅದೇ. ಅವಳು ತಿರುಗಿಸಲಿಲ್ಲ. ಪತ್ರಿಕೆಯನ್ನು ಕೆಳಗಿಳಿಸಿ ತೊಡೆಯ ಮೇಲಿಟ್ಟು, ಎಲ್ಲರ ಮುಖ ನೋಡುತ್ತ, ಕೊನೆಯವರೆಗೂ ಹೇಳಿದಳು.

ಮುಗಿದ ಮೇಲೆ ಗುಂಡಿ ಹೊಲಿಯುವ ಹುಡುಗಿ ಬಗ್ಗಿ ಪತ್ರಿಕೆ ಎತ್ತಿಕೊಂಡಳು, ಈ ಕಡೆ ಆ ಕಡೆ ಮಗುಚಿದಳು. "ಇಲ್ಲಿ ಬರೀ ಬೀಜ ಇದೆ" ಅಂದಳು.

"ಹೌದು" ಅಂದಳು ಗಂಟೆಯಕ್ಕ. "ಯಾವತ್ತೂ ನಂಗೆ ಅಲ್ಲಿ ಏನಿದೆ ಅಂತ ಗೊತ್ತಿರ್ಲಿಲ್ಲ."

ಆ ಹುಡುಗಿಯ ಮುಖ ಕೆಂಪಾಯಿತು. ತನ್ನ ಪಾಲಿಗೆ ಬಂದಿದ್ದ ಕಾಜದ ಬಟ್ಟೆಗಳನ್ನು ತಂದು ಗಂಟೆಯಕ್ಕನ ಮುಂದೆ ಹಾಕಿದಳು. "ಆರು ವರ್ಷ" ಅಂದಳು, ಅಷ್ಟೇ. ತನ್ನ ಮೆಷಿನ್ನಿಗೆ ಹೋಗಿ ಬೆನ್ನು ಹಾಕಿ ಕೂತಳು. ಗಂಟೆಯಕ್ಕ ಸುಮ್ಮನೆ ಆ ಬಟ್ಟೆಗಳನ್ನು ಹತ್ತಿರ ಎಳೆದುಕೊಂಡಳು. ಉಳಿದವರು ದೊಡ್ಡ ಕತ್ತರಿಯ ಮುಖ ನೋಡಿದರು. ಅತ್ತೆಗೆ ಎದ್ದು ನಿಂತು ಏನಾದರೂ ಹೇಳಬೇಕು ಅನ್ನಿಸಿತು, ತಪ್ಪೆಲ್ಲ ನನ್ನದು ಅನ್ನಬೇಕು ಅನ್ನಿಸಿತು, ಸ್ಟೂಲಿನಿಂದ ಅರ್ಧ ಎದ್ದರು.

ದೊಡ್ಡ ಕತ್ತರಿ ತನ್ನ ಕೈಯಲ್ಲಿದ್ದ ಕಾಜ ಮುಗಿಸಿದಳು. ದಾರವನ್ನು ಹಲ್ಲಿನಿಂದ ಕಡಿದಳು. ರಾಶಿಯಿಂದ ಇನ್ನೊಂದು ಎತ್ತಿಕೊಂಡು ಅತ್ತೆಯ ಕಡೆ ತಿರುಗಿದಳು.

"ಮುಂದಿನ ವಾರ ಏನಾಗತ್ತೆ ಅವಳಿಗೆ?"

"ಮುಂದಿನ ವಾರ ಇಲ್ಲಮ್ಮ" ಅಂದರು ಅತ್ತೆ. "ಧಾರಾವಾಹಿ ನಿಂತುಹೋಯ್ತು. ಬೆಳಿಗ್ಗೆ ಹೇಳಿದ್ರು."

"ಪತ್ರಿಕೇಲಿ ತಾನೆ?"

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. ದೊಡ್ಡ ಕತ್ತರಿ ಗಂಟೆಯಕ್ಕನ ಕಡೆ ಗದ್ದ ಆಡಿಸಿದಳು. "ಇವಳಿಗೆ ಪತ್ರಿಕೆ ಯಾವತ್ತು ಬೇಕಿತ್ತು? ನೀವು ಬರೀರಿ, ಇವಳು ಹೇಳ್ತಾಳೆ. ಕಾಜ ನಾವು ನೋಡ್ಕೋತೀವಿ." ಬೆನ್ನು ಹಾಕಿ ಕೂತ ಹುಡುಗಿಯ ಕಡೆ ನೋಡಿ, "ಅವಳ ಪಾಲು ನಂಗೆ ಕೊಡಿ" ಅಂದಳು.

ಅತ್ತೆಯ ಕಣ್ಣು ತುಂಬಿತು. ತಡೆಯಲು ಹೋಗಲಿಲ್ಲ. ಆದರೆ ಅವರು ಕಾಯುತ್ತಿದ್ದದ್ದು ಬೇರೊಬ್ಬಳ ಮಾತಿಗಾಗಿ. ಗಂಟೆಯಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಿನ್ನೆ ಮಧ್ಯಾಹ್ನದಿಂದ ಮೊದಲ ಸಲ ಅವರ ಮುಖ ನೋಡಿದಳು, ನಗಲಿಲ್ಲ.

"ಬುಧವಾರ ಮೂರಕ್ಕೆ ಬರ್ತೀನಿ" ಅಂದಳು. "ಆದ್ರೆ ಈ ಸಲ ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."